ಪತ್ಮೋಸ್ ದ್ವೀಪಕ್ಕೆ ಹೋಗಿಬರುವುದು ಹೇಗೆ?

ಕನ್ನಡ ಬೈಬಲ್ಲಿನ ಕೊನೆಯ ಪುಸ್ತಕವಾದ ಪ್ರಕಟನೆ ಗ್ರಂಥದ ಮೊದಲ ಅಧ್ಯಾಯದಲ್ಲಿಯೇ ಅದನ್ನು ಬರೆದ ಯೋಹಾನನು ತಾನು ಪತ್ಮೋಸ್ ದ್ವೀಪದಲ್ಲಿ ಇದ್ದುದನ್ನು ಹೇಳುತ್ತಾನೆ. ಗ್ರೀಸಿನ ಏಜಿಯನ್ ಸಮುದ್ರದಲ್ಲಿರುವ, ಸುಮಾರು 34 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪದಲ್ಲಿ ವಿಮಾನ ನಿಲ್ದಾಣವಿಲ್ಲ. ಇಂದಿಗೂ ಅಲ್ಲಿಗೆ ಸಮುದ್ರಮಾರ್ಗವಾಗಿಯೇ ಹೋಗಬೇಕು.

ಭಾರತೀಯರಿಗೆ ಯೂರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಿಂದ ಹಡಗಿನಲ್ಲಿ ಸುಮಾರು ಎಂಟು ಗಂಟೆಯ ಪ್ರಯಾಣ. ಹಡಗು ಅಪರಾತ್ರಿಯಲ್ಲಿ ತಲುಪುವುದೂ ಉಂಟಾದ್ದರಿಂದ, ಬಂದರು ಊರಾದ ಸ್ಕಾಲಾದಲ್ಲಿ ಕೋಣೆಯನ್ನು ಮೊದಲೇ ಕಾದಿರಿಸಿಕೊಳ್ಳುವುದು ಲೇಸು. ಜುಲೈ, ಆಗಸ್ಟ್‌ನಲ್ಲಿ ಬೀಸುವ ಮೆಲ್ಟೆಮಿ ಗಾಳಿಗೆ ಹಡಗುಗಳು ತಡವಾಗಬಹುದು. ಅಥೆನ್ಸಿನಿಂದ ಮರಳುವ ವಿಮಾನಕ್ಕೆ ಮುನ್ನ ಒಂದು ದಿನ ಬಿಡುವಿಟ್ಟುಕೊಳ್ಳಿ.

ಸ್ಕಾಲಾದಿಂದ ಬೆಟ್ಟದ ಮೇಲಿನ ಖೋರಾ ಊರಿಗೆ ಬಸ್ಸಿದೆ. ಆದರೂ ಹಳೆಯ ಕಲ್ಲುಹಾಸಿನ ದಾರಿಯಲ್ಲಿ, ಬಿಸಿಲೇರುವ ಮುನ್ನ, ನಡೆದೇ ಹತ್ತಬೇಕೆಂಬುದು ನನ್ನ ಒತ್ತಾಯ. ಏಕೆಂದರೆ ಅರ್ಧದಾರಿಯಲ್ಲಿ, ಮೆಟ್ಟಿಲಿಳಿದು ಹೋಗುವಲ್ಲಿ, ಯೋಹಾನನಿಗೆ ಪ್ರಕಟನೆ ಗ್ರಂಥದ ದರ್ಶನವಾಯಿತೆಂದು ನಂಬಲಾಗುವ ಗುಹೆಯಿದೆ. ಚಾವಣಿಯ ಬಂಡೆ ಮೂರು ಸೀಳಾಗಿದೆ. ಅದನ್ನು ಭಕ್ತರು ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಗುರುತೆಂದು ತಿಳಿಯುತ್ತಾರೆ. ಗೋಡೆಯ ಕೆಳಭಾಗದಲ್ಲಿ ಯೋಹಾನನು ತಲೆಯಿಟ್ಟು ಮಲಗುತ್ತಿದ್ದನೆನ್ನುವ ಸಣ್ಣ ಗೂಡಿದ್ದು, ಅದರ ಅಂಚಿಗೆ ಬೆಳ್ಳಿಯ ಕಟ್ಟು ಹಾಕಿದ್ದಾರೆ. ಪ್ರವಾಸಿ ಹಡಗುಗಳ ಜನ ಬರುವ ಮೊದಲು ಹೋದರೆ ಅಲ್ಲಿ ಮೌನವಾಗಿ ಕುಳಿತುಕೊಳ್ಳಬಹುದು. ಭುಜ, ಮೊಣಕಾಲು ಮುಚ್ಚುವ ಉಡುಪಿರಲಿ. ಒಳಗೆ ಫೋಟೊ ತೆಗೆಯುವಂತಿಲ್ಲ.

ಅಲ್ಲಿಂದ ಮೇಲೇರಿದರೆ, ಕೋಟೆಯಂತೆ ಕಾಣುವ ಸಂತ ಯೋಹಾನನ ಮಠ. ಬೈಜಾಂಟಿನ್ ಚಕ್ರವರ್ತಿ ಒಂದನೇ ಅಲೆಕ್ಸಿಯೋಸ್ ಕೊಮ್ನೆನೋಸ್ ದ್ವೀಪವನ್ನೇ ದಾನವಾಗಿ ಕೊಟ್ಟಾಗ, 1088ರಲ್ಲಿ ಕ್ರಿಸ್ಟೊಡೂಲೋಸ್ ಎಂಬ ಸಂನ್ಯಾಸಿ ಇದನ್ನು ಸ್ಥಾಪಿಸಿದರು. ಕಡಲ್ಗಳ್ಳರ ಭಯವೇ ಆ ದಪ್ಪ ಗೋಡೆಗಳಿಗೆ ಕಾರಣ. ನೇರಳೆ ಬಣ್ಣದ ಚರ್ಮದ ಹಾಳೆಯ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ, ಆರನೇ ಶತಮಾನದ ಮಾರ್ಕನ ಸುವಾರ್ತೆಯ ಪುಟಗಳು ಮಠದ ಸಂಗ್ರಹದಲ್ಲಿವೆ. ಗುಹೆ, ಮಠ, ಖೋರಾ ಮೂರನ್ನೂ ಯುನೆಸ್ಕೊ 1999ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಸ್ಟರ್ ವಾರದಲ್ಲಿ, ಯೇಸು ಶಿಷ್ಯರ ಪಾದ ತೊಳೆದ ಪ್ರಸಂಗವನ್ನು ಗುರುವಾರ ಖೋರಾದ ಚೌಕದಲ್ಲಿ ಅಭಿನಯಿಸುತ್ತಾರೆ. ಅದನ್ನು ನೋಡಬೇಕೆನ್ನುವವರು ಗ್ರೀಸಿನ ಆರ್ಥೊಡಾಕ್ಸ್ ಕ್ರೈಸ್ತ ಸಭೆಯ ಪಂಚಾಂಗವನ್ನು ನೋಡಿಯೇ ದಿನ ಗೊತ್ತುಮಾಡಬೇಕು. ಹಲವು ವರ್ಷಗಳಲ್ಲಿ ಅಲ್ಲಿನ ಈಸ್ಟರ್ ನಮ್ಮಲ್ಲಿನದಕ್ಕಿಂತ ತಡವಾಗಿ ಬರುತ್ತದೆ.

ಎರಡನೆಯ ದಿನವನ್ನು ಉತ್ತರದ ಲಾಂಬಿ ತೀರಕ್ಕೆ ಮೀಸಲಿಡಿ. ಅಲ್ಲಿ ಮರಳಿಲ್ಲ, ಬಣ್ಣಬಣ್ಣದ ನುಣುಪು ಕಲ್ಲುಗಳಿವೆ. ಅಲೆ ತಾಗಿ ಒದ್ದೆಯಾದಾಗ ಅವುಗಳ ಗೆರೆಗಳು ಎದ್ದು ಕಾಣುತ್ತವೆ. ನೋಡಿ, ಅಂಗೈಯಲ್ಲಿಟ್ಟುಕೊಂಡು, ಅಲ್ಲಿಯೇ ಬಿಟ್ಟು ಬನ್ನಿ.