ಅಮ್ಮನ ಮಾತ್ರೆ ಡಬ್ಬ ಖಾಲಿ ಮಾಡಿದ್ದು

ಅಮ್ಮನಿಗೆ ತಲೆ ಸುತ್ತು ಶುರುವಾಗಿ ನಾಲ್ಕನೇ ದಿನಕ್ಕೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ವಯಸ್ಸು 71. ಬಿಪಿ ಇದೆ, ಥೈರಾಯ್ಡ್ ಇದೆ. ಪಾದ ಎರಡೂ ಊದಿಕೊಂಡು ಚಪ್ಪಲಿ ಬಿಗಿಯಾಗಿತ್ತು. ಬಿಪಿ ನೋಡಿದರೆ 100/60. ಜಾಸ್ತಿ ಬಿಪಿಗೆ ಮಾತ್ರೆ ತಗೊಳ್ಳುವವರಿಗೆ ಇಷ್ಟು ಕಡಿಮೆ ಯಾಕೆ ಅಂತ ನಾನು ಕೇಳೋ ಮೊದಲೇ ಡಾಕ್ಟರ್, "ಚೀಟಿ ಬೇಡ, ಮನೇಲಿರೋ ಮಾತ್ರೆ ಡಬ್ಬಾನೇ ತಗೊಂಡು ಬನ್ನಿ" ಅಂದರು. ದೊಮ್ಮಲೂರಿನಲ್ಲಿ ನಮ್ಮ ಮನೆಗೂ ಕ್ಲಿನಿಕ್ಕಿಗೂ ಎರಡೇ ರಸ್ತೆ. ಓಡಿ ಹೋಗಿ ತಂದೆ.

ಡಬ್ಬ ಅಂದರೆ ಎರಡು ಕೆಜಿ ಹಿಡಿಯೋ ಹಳೇ ಸ್ವೀಟ್ ಡಬ್ಬ. ಡಾಕ್ಟರ್ ಅದನ್ನು ಟೇಬಲ್ ಮೇಲೆ ಸುರಿದು, "ದಿನಾ ಏನೇನು ತಗೋತೀರಿ, ಒಂದೊಂದಾಗಿ ಎತ್ತಿಡಿ" ಅಂದರು. ಅಮ್ಮ ಎತ್ತಿಟ್ಟಿದ್ದರಲ್ಲಿ ಬಿಪಿ ಮಾತ್ರೆ ಎರಡು ಇತ್ತು. ಒಂದು, ಆರು ವರ್ಷದಿಂದ ತಗೊಳ್ಳುತ್ತಿದ್ದ ಅಮ್ಲೋಡಿಪಿನ್ 5 ಎಂಜಿ. ಇನ್ನೊಂದು, ಎರಡು ವಾರದ ಹಿಂದೆ ಅದರ ಬದಲಿಗೆ ಬರೆದುಕೊಟ್ಟಿದ್ದ, ಟೆಲ್ಮಿಸಾರ್ಟಾನ್ 40 ಜೊತೆ ಅಮ್ಲೋಡಿಪಿನ್ 5 ಸೇರಿರೋ ಮಾತ್ರೆ. ಬ್ರ್ಯಾಂಡ್ ಹೆಸರು ಒಂದಕ್ಕೊಂದು ಸಂಬಂಧವೇ ಇಲ್ಲ, ಬಣ್ಣನೂ ಬೇರೆ. ಒಳಗಿರೋ ಔಷಧಿ ಮಾತ್ರ ಅದೇ. ಹಾಗಾಗಿ ಅಮ್ಲೋಡಿಪಿನ್ ದಿನಕ್ಕೆ 10 ಎಂಜಿ ಹೋಗುತ್ತಿತ್ತು, ಮೇಲೆ ಟೆಲ್ಮಿಸಾರ್ಟಾನ್ ಬೇರೆ. ಪಾದ ಊದಿದ್ದಕ್ಕೂ ತಲೆ ಸುತ್ತಿದ್ದಕ್ಕೂ ಕಾರಣ ಅಲ್ಲೇ ಸಿಕ್ಕಿತು.

"ಹಳೇದು ನಿಲ್ಲಿಸಿ ಅಂದಿದ್ನಲ್ಲಮ್ಮ?"

"ನಿಲ್ಲಿಸೋಣ ಅಂತಾನೇ ಇದ್ದೆ ಡಾಕ್ಟ್ರೇ. ಮೂರು ಸ್ಟ್ರಿಪ್ ಹಾಗೇ ಉಳಿದಿತ್ತು. ದುಡ್ಡು ಕೊಟ್ಟು ತಂದಿದ್ದಲ್ವಾ, ಖಾಲಿ ಆಗಲಿ ಅಂತ..."

ನನಗೆ ಬೈಯೋಕೂ ಬಾಯಿ ಬರಲಿಲ್ಲ. ರಾತ್ರಿ ಮಿಕ್ಕಿದ ಅನ್ನ ಬೆಳಗ್ಗೆ ಚಿತ್ರಾನ್ನ ಆಗೋ ಮನೆ ನಮ್ಮದು. ಸೋಪು ಚೂರಾದರೆ ಹೊಸ ಸೋಪಿಗೆ ಅಂಟಿಸಿ ಮುಗಿಸುತ್ತಾಳೆ. ಮಾತ್ರೆಗೂ ಅದೇ ಲೆಕ್ಕ ಹಾಕಿದ್ದಾಳೆ, ಅಷ್ಟೇ. ಆ ಮೂರು ಸ್ಟ್ರಿಪ್ ಮನೆಯಲ್ಲಿ ಇದ್ದಿದ್ದೇ ತಪ್ಪು, ಅದನ್ನು ಒಟ್ಟಿಗೆ ತಂದು ಕೊಟ್ಟವನು ನಾನು.

ಮುಂದಿನ ಭಾನುವಾರ ಮನೆಯಲ್ಲಿದ್ದ ಔಷಧಿಯನ್ನೆಲ್ಲ ಹೊರಗೆ ತೆಗೆದೆವು. ಡಬ್ಬ ಒಂದೇ ಅಂದುಕೊಂಡಿದ್ದೆ. ಫ್ರಿಜ್ ಬಾಗಿಲು, ಟಿವಿ ಕೆಳಗಿನ ಡ್ರಾಯರ್, ನನ್ನ ಆಫೀಸ್ ಬ್ಯಾಗ್, ಮಗಳ ಸ್ಕೂಲ್ ಟ್ರಿಪ್ಪಿಗೆ ಕಟ್ಟಿಕೊಟ್ಟಿದ್ದ ಪೌಚ್, ಕೊನೆಗೆ ದೇವರ ಮನೆ ಶೆಲ್ಫಿನಲ್ಲಿ ಕರ್ಪೂರದ ಪಕ್ಕ ಒಂದು ಆಯಿಂಟ್‌ಮೆಂಟ್. ಹಾಲ್‌ನಲ್ಲಿ ಪೇಪರ್ ಹಾಸಿ ಗುಡ್ಡೆ ಹಾಕಿದೆವು. ನಾನು ಹೆಸರು ಓದೋದು, ನನ್ನ ಹೆಂಡತಿ ಹಳೇ ಡೈರಿಯಲ್ಲಿ ಬರೆಯೋದು. ಸ್ಟ್ರಿಪ್, ಬಾಟಲಿ, ಟ್ಯೂಬ್ ಎಲ್ಲ ಸೇರಿ 58. ಅದರಲ್ಲಿ ನಿಜವಾಗಿ ಈಗ ಬಳಸುತ್ತಿರೋದು 11. ಮಿಕ್ಕ 47ರಲ್ಲಿ 17ಕ್ಕೆ ಅವಧಿ ಮುಗಿದಿತ್ತು, 21ಕ್ಕೆ ಇನ್ನೂ ಇತ್ತು. ಉಳಿದ 9 ಕತ್ತರಿಸಿದ ತುಂಡುಗಳು, ತಾರೀಕೇ ಇಲ್ಲ.

ಈ ತುಂಡುಗಳ ಬಗ್ಗೆ ಸ್ವಲ್ಪ ಹೇಳಬೇಕು. ಒಂದರಲ್ಲಿ ಮೂರೇ ಮಾತ್ರೆ, ಬೆಳ್ಳಗೆ ದುಂಡಗೆ. ಹಿಂದಿನ ಅಲ್ಯೂಮಿನಿಯಂ ಹಾಳೆಯ ಮೇಲೆ ಕತ್ತರಿ ತಪ್ಪಿಸಿಕೊಂಡು ಉಳಿದಿದ್ದು ಕಂಪನಿ ವಿಳಾಸದ ಅರ್ಧ ಸಾಲು. ತಲೆನೋವಿಗೋ ಹೊಟ್ಟೆಗೋ, ಯಾರದು, ಯಾವ ವರ್ಷದ್ದು, ಯಾರಿಗೂ ನೆನಪಿಲ್ಲ. ಬ್ಯಾಚ್ ನಂಬರ್, ಎಕ್ಸ್‌ಪೈರಿ ಎಲ್ಲ ಸ್ಟ್ರಿಪ್‌ನ ಒಂದು ತುದಿಯಲ್ಲಿ ಒತ್ತಿರುತ್ತಾರೆ. ಕತ್ತರಿಸಿದಾಗ ಆ ತುದಿ ಒಬ್ಬರ ಪಾಲಾದರೆ ಇನ್ನೊಬ್ಬರಿಗೆ ಬರೀ ಮಾತ್ರೆ. ಆ 9ನ್ನೂ ಯೋಚನೆ ಮಾಡದೆ ಬಿಸಾಡೋ ಗುಡ್ಡೆಗೆ ಸೇರಿಸಿದೆವು.

ತಾರೀಕು ಇದ್ದರೂ ಎರಡು ಗೊಂದಲ ಬಂತು. ಸ್ಟ್ರಿಪ್ ಮೇಲೆ ತಿಂಗಳು, ವರ್ಷ ಮಾತ್ರ ಇದ್ದರೆ ಆ ತಿಂಗಳ ಕೊನೇ ದಿನದವರೆಗೂ ಬಳಸಬಹುದು, ಇದು ನನಗೆ ಗೊತ್ತಿರಲಿಲ್ಲ. ಇನ್ನೊಂದು ಇದಕ್ಕೆ ಉಲ್ಟಾ. ಅಮ್ಮನ ಕ್ಯಾಟರಾಕ್ಟ್ ಆಪರೇಷನ್ ಆದಾಗಿನ ಕಣ್ಣಿನ ಡ್ರಾಪ್ಸ್ ಮೂರು ಬಾಟಲಿ ಫ್ರಿಜ್‌ನಲ್ಲಿತ್ತು, ತಾರೀಕು ಇನ್ನೂ ಮುಂದಿನ ವರ್ಷದ್ದು. ಆದರೆ ಸಾಮಾನ್ಯವಾಗಿ ಡ್ರಾಪ್ಸ್ ಮುಚ್ಚಳ ತೆರೆದ ಮೇಲೆ ಆಯಸ್ಸು ನಾಲ್ಕು ವಾರ. ಮಗಳಿಗೆ ಕೊಟ್ಟಿದ್ದ ಪುಡಿಗೆ ನೀರು ಬೆರೆಸೋ ಆಂಟಿಬಯೋಟಿಕ್ ಸಿರಪ್ಪೂ ಹಾಗೇ. ಬೆರೆಸಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ವಾರ, ಹತ್ತು ದಿನ, ಬಾಟಲಿ ಮೇಲೆ ಬರೆದಿರುತ್ತದೆ. ನಮ್ಮದಕ್ಕೆ ಎಂಟು ತಿಂಗಳಾಗಿತ್ತು.

ಆಮೇಲೆ ನನ್ನ ಹೆಂಡತಿ ಒಂದು ಒಳ್ಳೇ ಕೆಲಸ ಮಾಡಿದಳು. ಡೈರಿಯಲ್ಲಿ ಪ್ರತಿ ಹೆಸರಿನ ಮುಂದೆ 'ಯಾಕೆ ಉಳೀತು' ಅಂತ ಒಂದು ಕಾಲಂ ಎಳೆದಳು. ಬಿಸಾಡಿ ಕೈತೊಳೆದುಕೊಂಡಿದ್ದರೆ ಆರು ತಿಂಗಳಲ್ಲಿ ಡಬ್ಬ ಮತ್ತೆ ತುಂಬುತ್ತಿತ್ತು. ಈ ಕಾಲಂ ನೋಡಿದ ಮೇಲೆ ನನ್ನ ಮುಖ ನನಗೇ ಕಾಣಿಸಿತು.

ಜಾಸ್ತಿ ಇದ್ದಿದ್ದು ಡೋಸ್ ಬದಲಾಗಿ ಉಳಿದಿದ್ದು. ಥೈರಾಯ್ಡ್ ಮಾತ್ರೆ 50ರಿಂದ 75ಕ್ಕೆ ಹೋಗಿತ್ತು, 50ರ ಬಾಟಲಿ ಹತ್ತಿರ ಹತ್ತಿರ ತುಂಬಿದ ಹಾಗೇ ಇತ್ತು. ರಿಪೋರ್ಟ್ ಬರೋಕೆ ಮೂರು ದಿನ ಇದ್ದಾಗ ಆಪ್‌ನಲ್ಲಿ ಡಿಸ್ಕೌಂಟ್ ಇದೆ ಅಂತ ಮೂರು ತಿಂಗಳದ್ದು ಆರ್ಡರ್ ಮಾಡಿದ್ದೆ. ಎಷ್ಟು ಪರ್ಸೆಂಟ್ ಉಳಿಸಿದೆ ಅಂತ ಹೆಮ್ಮೆಯಿಂದ ಹೇಳಿಕೊಂಡಿದ್ದು ಬೇರೆ ನೆನಪಿದೆ. ಬಿಪಿ ಮಾತ್ರೆ ಕಥೆನೂ ಅದೇ.

ಎರಡನೇದು ಆಸ್ಪತ್ರೆಯಿಂದ ಬಂದ ಕವರ್. ಮಂಡಿ ಆಪರೇಷನ್‌ಗೆ ಅಡ್ಮಿಟ್ ಆಗಿದ್ದಾಗ ವಾರ್ಡಿಗೆ ತರಿಸಿದ ಔಷಧಿಯಲ್ಲಿ ಮಿಕ್ಕಿದ್ದನ್ನೆಲ್ಲ ಡಿಸ್ಚಾರ್ಜ್ ದಿನ ಒಂದು ಕವರ್‌ಗೆ ತುಂಬಿ ಕೈಗೆ ಕೊಟ್ಟಿದ್ದರು. ಜೊತೆಗೆ ಮನೆಗೆ ಅಂತ ಬರೆದಿದ್ದು ಬೇರೆ. ಅದೇ ಮಾತ್ರೆ ಎರಡೂ ಕಡೆ ಇತ್ತು. ಫೈನಲ್ ಬಿಲ್ ಹಾಕೋ ಮೊದಲು ಕೇಳಿದ್ದರೆ ವಾರ್ಡಿನಲ್ಲಿ ಉಳಿದ, ಓಪನ್ ಮಾಡದ ಔಷಧಿಯನ್ನು ಅಲ್ಲಿನ ಫಾರ್ಮಸಿಗೆ ವಾಪಸ್ ಕೊಟ್ಟು ಬಿಲ್‌ನಲ್ಲಿ ಕಳೆಸಬಹುದಿತ್ತು ಅಂತ ಪಕ್ಕದ ಮನೆಯ ನರ್ಸ್ ಅಕ್ಕ ಆಮೇಲೆ ಹೇಳಿದರು. ನಮಗೆ ಅಲ್ಲಿ ಯಾರೂ ಹೇಳಲಿಲ್ಲ. ನಾವೂ ಕೇಳಲಿಲ್ಲ ಬಿಡಿ, ಮನೆಗೆ ಹೋದರೆ ಸಾಕಾಗಿತ್ತು.

ಇನ್ನು ಗ್ಯಾಸ್ಟ್ರಿಕ್ ಮಾತ್ರೆ ಪ್ಯಾಂಟೊಪ್ರಜೋಲ್ 40, ನಾಲ್ಕು ಬ್ರ್ಯಾಂಡ್‌ನಲ್ಲಿ ಸಿಕ್ಕಿತು. ಮೂಳೆ ಡಾಕ್ಟರ್ ಒಂದು, ಹಲ್ಲಿನ ಡಾಕ್ಟರ್ ಒಂದು, ಹೀಗೆ ಯಾರು ಏನೇ ಬರೆದರೂ ಕೊನೇ ಸಾಲು ಅದೇ ಇರುತ್ತದೆ. ಆಂಟಿಬಯೋಟಿಕ್ ಮಾತ್ರೆ ಆರು ಉಳಿದಿತ್ತು, ಹಿಂದೆ ಕೆಂಪು ಗೆರೆ ಇರೋದು. ಡಾಕ್ಟರ್ ಚೀಟಿ ಇಲ್ಲದೆ ತಗೋಬೇಡಿ ಅಂತ ಜನರಿಗೆ ಗೊತ್ತಾಗಲಿ ಅಂತಲೇ 2016ರಲ್ಲಿ ಕೇಂದ್ರ ಸರ್ಕಾರ ಆ ಗೆರೆಯ ಬಗ್ಗೆ ಪ್ರಚಾರ ಶುರು ಮಾಡಿದ್ದು. ಉಳಿದಿದ್ದು ನಂದೇ. ಎರಡು ದಿನಕ್ಕೆ ಜ್ವರ ಬಿಡ್ತು, ನಾನು ಮಾತ್ರೆ ಬಿಟ್ಟೆ. ಮುಂದಿನ ಸಲ ಗಂಟಲು ನೋವು ಬಂದರೆ ಇರಲಿ ಅಂತ ಎತ್ತಿಟ್ಟಿದ್ದೆ.

47ಕ್ಕೂ ಎಂಆರ್‌ಪಿ ಕೂಡಿದರೆ 5,260 ರೂಪಾಯಿ. ಅಮ್ಮ ಡೈರಿ ಇಸ್ಕೊಂಡು ಎರಡು ಸಲ ನೋಡಿದಳು. ಮಾತಾಡಲಿಲ್ಲ.

ಸರಿ, ಈ ಗುಡ್ಡೆನ ಏನು ಮಾಡೋದು? ಅವಧಿ ಇನ್ನೂ ಇದ್ದ 21ರಲ್ಲಿ ಕತ್ತರಿಸದ ಪೂರ್ತಿ ಸ್ಟ್ರಿಪ್ 8 ಇತ್ತು. ಐದಕ್ಕೆ ನಮ್ಮ ರಸ್ತೆಯ ಮೆಡಿಕಲ್ಸ್ ಬಿಲ್ ಇತ್ತು, ಅವರು ವಾಪಸ್ ತಗೊಂಡು ಮುಂದಿನ ಬಿಲ್‌ನಲ್ಲಿ ಕಳೆದರು. ಇದು ಅವರ ಒಳ್ಳೇತನ. ಮಿಕ್ಕ ಮೂರನ್ನು ನಮ್ಮ ಡಾಕ್ಟರ್ ನೋಡಿ, ಕೊಳ್ಳೋಕೆ ಕಷ್ಟ ಇರೋ ಪೇಷಂಟ್‌ಗೆ ಕೊಡ್ತೀನಿ ಅಂತ ಇಟ್ಟುಕೊಂಡರು. ಮನೆ ಕೆಲಸಕ್ಕೆ ಬರೋ ಅಕ್ಕನಿಗೆ ಕೊಡೋಣ ಅಂತ ಅಮ್ಮ ಅಂದಿದ್ದಕ್ಕೆ ನಾನು ಒಪ್ಪಲಿಲ್ಲ. ಅವರಿಗೂ ಬಿಪಿ ಇರಬಹುದು, ಆದರೆ ಅಮ್ಮನ ಡೋಸ್ ಅವರ ಡೋಸ್ ಅಲ್ಲ.

ಮಿಕ್ಕಿದ್ದು ಕಸಕ್ಕೆ. 2016ರ ಘನತ್ಯಾಜ್ಯ ನಿಯಮದಲ್ಲಿ ಅವಧಿ ಮುಗಿದ ಔಷಧಿಯನ್ನು ಬ್ಯಾಟರಿ, ಟ್ಯೂಬ್‌ಲೈಟ್, ಸಿರಿಂಜ್ ಜೊತೆ ಮನೆಯ ಅಪಾಯಕಾರಿ ಕಸ ಅಂತ ಸೇರಿಸಿದ್ದರು. ಹಸಿ ಕಸಕ್ಕೂ ಅಲ್ಲ, ಒಣ ಕಸಕ್ಕೂ ಅಲ್ಲ. ಅಮ್ಮ ಇಷ್ಟು ವರ್ಷ ಸಿರಪ್ಪನ್ನು ಸಿಂಕಿಗೆ, ಮಾತ್ರೆನ ತರಕಾರಿ ಸಿಪ್ಪೆ ಜೊತೆಗೆ ಹಾಕುತ್ತಿದ್ದಳು. ಹಸಿ ಕಸ ಗೊಬ್ಬರ ಆಗಬೇಕಾದ್ದು. ಬೆಳಗ್ಗೆ ಕಸದ ಆಟೋ ಬಂದಾಗ ಕೇಳಿದೆ. "ಪ್ಯಾಡ್ ಕೊಡ್ತೀರಲ್ಲ ಸಾರ್, ಹಂಗೇ ಪೇಪರ್‌ನಾಗೆ ಸುತ್ತಿ, ಮೇಲೆ ಬರೆದು ಬೇರೆ ಕೊಡಿ. ಬಿಡಿಬಿಡಿಯಾಗಿ ಹಾಕಿದ್ರೆ ಬೀದೀಲಿ ಮಕ್ಕಳು ಆರಿಸ್ಕೋತಾವೆ" ಅಂದರು ಆಟೋದಲ್ಲಿದ್ದ ಅಕ್ಕ.

ಆರಿಸಿಕೊಳ್ಳೋಕೆ ಆಗದ ಹಾಗೆ ಮಾಡೋಕೆ ಒಂದು ದಾರಿ ಇದೆ. ಮಾತ್ರೆಗಳನ್ನು ಸ್ಟ್ರಿಪ್‌ನಿಂದ ಬಿಡಿಸಿ, ಪುಡಿ ಮಾಡದೆ, ಯಾರೂ ಮುಟ್ಟದಂಥ ಕೊಳಕಿನ ಜೊತೆ ಕಲೆಸಿ ಕಟ್ಟಿ ಕೊಡೋದು. ನಮ್ಮ ಮನೆಯಲ್ಲಿ ಅದಕ್ಕೆ ಬರ ಇಲ್ಲ. ಎರಡು ದಿನದ ಫಿಲ್ಟರ್ ಕಾಫಿ ಚರಟ ಒಂದು ಹಾಲಿನ ಕವರ್‌ಗೆ ಹಾಕಿ, ಮಾತ್ರೆ ಸುರಿದು, ಸಿರಪ್ಪನ್ನೂ ಅದಕ್ಕೇ ಹೊಯ್ದು ಹಿಸುಕಿದೆ. ಬಣ್ಣ ಬಣ್ಣದ ಮಾತ್ರೆ ಐದು ನಿಮಿಷಕ್ಕೆ ಒಂದೇ ಕಂದು ಮುದ್ದೆ ಆಯಿತು. ಪೇಪರ್ ಸುತ್ತಿ, ಕೆಂಪು ಸ್ಕೆಚ್ ಪೆನ್ನಲ್ಲಿ 'ಹಳೇ ಔಷಧಿ' ಅಂತ ಬರೆದೆ. ಇನ್‌ಹೇಲರ್ ಒಂದಿತ್ತು. ಅದರೊಳಗೆ ಒತ್ತಡ ಇರುತ್ತದೆ, ಚುಚ್ಚೋದಾಗಲಿ ಸುಡೋದಾಗಲಿ ಮಾಡಬಾರದು, ಹಾಗೇ ಬೇರೆ ಕೊಟ್ಟೆ. ಬಾಟಲಿ, ಡಬ್ಬಿ ಮೇಲಿದ್ದ ಅಮ್ಮನ ಹೆಸರು, ಆಸ್ಪತ್ರೆ ನಂಬರ್ ಕಿತ್ತು ಹಾಕಿದೆ.

ತಲೆ ಕೆಟ್ಟಿದ್ದು ಟ್ರಾಮಡಾಲ್ ವಿಷಯಕ್ಕೆ. ಮಂಡಿ ನೋವಿಗೆ ಕೊಟ್ಟಿದ್ದು, ಏಳು ಕ್ಯಾಪ್ಸೂಲ್ ಉಳಿದಿತ್ತು. ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ 2025ರಲ್ಲಿ ಹಳೇ ಔಷಧಿ ವಿಲೇವಾರಿಗೆ ಒಂದು ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ 17 ಔಷಧಿಗಳ ಪಟ್ಟಿ ಕೊಟ್ಟು, ಇವನ್ನು ಮಾತ್ರ ಕಸಕ್ಕೆ ಹಾಕದೆ ಟಾಯ್ಲೆಟ್‌ಗೆ ಹಾಕಿ ಫ್ಲಶ್ ಮಾಡಿ ಅಂದಿದ್ದಾರೆ. ಟ್ರಾಮಡಾಲ್, ಡಯಾಜೆಪಾಮ್, ಮಾರ್ಫಿನ್, ಫೆಂಟನಿಲ್ ಅದರಲ್ಲಿವೆ. ಬೇರೆಯವರ ಕೈಗೆ ಸಿಕ್ಕರೆ ಅಪಾಯ, ಚಟಕ್ಕೂ ಬಳಕೆ ಆಗುತ್ತದೆ ಅಂತ. ನಾನು ಬಾತ್‌ರೂಮಿಗೆ ಹೊರಟಾಗ ಅಮ್ಮ ತಡೆದಳು.

"ಅದು ನಮ್ಮೂರ ಕೆರೆಗಲ್ವೇನೋ ಹೋಗೋದು?"

ಅಮ್ಮನ ಊರು ಕೋಲಾರದ ನರಸಾಪುರದ ಹತ್ತಿರ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಬಿಡುತ್ತಿದ್ದಾರೆ, ಅಂತರ್ಜಲ ಏರಲಿ ಅಂತ. ನರಸಾಪುರ ಕೆರೆಗೂ ಬಂದಿದೆ. ಕೆ.ಸಿ. ಅಂದರೆ ಕೋರಮಂಗಲ, ಚಲ್ಲಘಟ್ಟ. ದೊಮ್ಮಲೂರಿನ ಕೊಳಚೆ ಹರಿಯೋದು ಆ ಕಡೆಗೇ. ಸಂಸ್ಕರಣಾ ಘಟಕ ಕಟ್ಟಿರೋದು ಮುಖ್ಯವಾಗಿ ಕೊಳಕನ್ನು ತೆಗೆಯೋಕೆ, ಮಾತ್ರೆಯೊಳಗಿನ ಔಷಧಿಯನ್ನು ಪೂರ್ತಿ ಹಿಡಿಯೋಕೆ ಅಲ್ಲ. ಅಮ್ಮ ಸುಮ್ನೆ ಅಂದ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಆ ಏಳನ್ನು ಮಾತ್ರ ಫ್ಲಶ್ ಮಾಡಿದೆ, ಮನೆಯಲ್ಲಿ ಒಂಬತ್ತು ವರ್ಷದ ಮಗಳಿದ್ದಾಳೆ. ಸರಿ ಅನ್ನಿಸಿತು, ಸಮಾಧಾನ ಆಗಲಿಲ್ಲ. ಕೇರಳದಲ್ಲಿ ಔಷಧ ನಿಯಂತ್ರಣ ಇಲಾಖೆಯವರೇ ಎನ್‌ಪ್ರೌಡ್ ಅನ್ನೋ ಯೋಜನೆಯನ್ನು 2025ರಲ್ಲಿ ಕೋಳಿಕ್ಕೋಡಿನಲ್ಲಿ ಶುರು ಮಾಡಿ, ಮನೆಗಳ ಹಳೇ ಔಷಧಿ ಸಂಗ್ರಹಿಸಿ ಸುಡೋ ಘಟಕಕ್ಕೆ ಕಳಿಸುತ್ತಿದ್ದಾರೆ. ನಮ್ಮ ಬೀದಿ ಮೆಡಿಕಲ್ಸ್ ಮುಂದೆ ಅಂಥದ್ದೊಂದು ಡಬ್ಬ ಇದ್ದಿದ್ದರೆ ಇಷ್ಟು ಯೋಚನೆ ಬೇಕಿರಲಿಲ್ಲ.

ಈಗ ಐದು ತಿಂಗಳಾಯಿತು. ಮೂರು ತಿಂಗಳದ್ದು ಒಟ್ಟಿಗೆ ತರೋದು ನಿಂತಿದೆ. ಡೋಸ್ ಬದಲಾದ ಮೇಲೆ ಮೊದಲು 15 ದಿನದ್ದು, ಮುಂದಿನ ಚೆಕಪ್‌ನಲ್ಲಿ ಡಾಕ್ಟರ್ ಮುಂದುವರಿಸಿ ಅಂದರೆ ತಿಂಗಳದ್ದು. ಡಿಸ್ಕೌಂಟ್ ಹೋಗುತ್ತದೆ, ಹೋಗಲಿ. ಯಾವ ಡಾಕ್ಟರ್ ಹತ್ತಿರ ಹೋದರೂ ಮೊದಲೇ ಕೇಳುತ್ತೇವೆ, ಇದು ಹಳೇದರ ಬದಲಿಗಾ, ಹಳೇದರ ಜೊತೆಗಾ? ನಿಲ್ಲಿಸಿದ ಮಾತ್ರೆ ಅವತ್ತೇ ಡಬ್ಬದಿಂದ ಹೊರಗೆ. ಮನೆಯಲ್ಲಿ ಪ್ಯಾಂಟೊಪ್ರಜೋಲ್ ಇದ್ದರೆ ಇದೆ ಅಂತ ಹೇಳುತ್ತೇವೆ, ಡಾಕ್ಟರ್ ಆ ಸಾಲು ಹೊಡೆದು ಹಾಕುತ್ತಾರೆ. ಆಂಟಿಬಯೋಟಿಕ್ ಬರೆದಷ್ಟೇ ಎಣಿಸಿ ತರೋದು, ತಂದಷ್ಟನ್ನೂ ಮುಗಿಸೋದು.

ಮೆಡಿಕಲ್ಸ್‌ನವರು ಮೊದಮೊದಲು ಗೊಣಗಿದರು. "ಇಡೀ ಸ್ಟ್ರಿಪ್ ತಗೊಳ್ಳಿ ಸಾರ್, ಕಟ್ ಮಾಡಿದ್ರೆ ಉಳಿದಿದ್ದು ನಮ್ಮ ತಲೆಗೆ." ಅವರದ್ದೂ ನಿಜ. ದಿನಾ ಹೋಗೋ ಮಾತ್ರೆ ಆದರೆ ಇಡೀ ಸ್ಟ್ರಿಪ್ಪೇ ತಗೊಳ್ಳುತ್ತೇನೆ, ಐದು ದಿನದ್ದಕ್ಕೆ ಮಾತ್ರ ಕತ್ತರಿಸಿ ಅನ್ನುತ್ತೇನೆ. ಬಿಲ್‌ನಲ್ಲಿ ಬ್ಯಾಚ್, ಎಕ್ಸ್‌ಪೈರಿ ಇರುತ್ತದಲ್ಲ, ಅದನ್ನೇ ತುಂಡಿಗೆ ಸ್ಟೇಪಲ್ ಮಾಡಿಸಿಕೊಳ್ಳುತ್ತೇನೆ, ಪಿನ್ ಮಾತ್ರೆಗೆ ತಾಗದ ಹಾಗೆ ಅಂಚಿಗೆ. ಈಗ ನಾನು ಹೇಳದಿದ್ದರೂ ಅಲ್ಲಿನ ಹುಡುಗ ಮಾರ್ಕರ್‌ನಲ್ಲಿ ತಿಂಗಳು, ವರ್ಷ ಬರೆದು ಕೊಡುತ್ತಾನೆ. ಅಮ್ಮ ಮನೆಗೆ ಬಂದು ಕನ್ನಡಕ ಹಾಕಿಕೊಂಡು ಅದನ್ನು ಬಿಲ್ ಜೊತೆ ತಾಳೆ ನೋಡುತ್ತಾಳೆ.

ಅಡುಗೆಮನೆ ಬಾಗಿಲ ಹಿಂದೆ ಬೇಡದ ಔಷಧಿಗೆ ಅಂತ ಒಂದು ಕವರ್ ನೇತು ಹಾಕಿದ್ದೇವೆ, ಮಗಳ ಕೈಗೆ ಎಟುಕದಷ್ಟು ಮೇಲೆ. ಈ ತಿಂಗಳು ಅದರಲ್ಲಿ ಬಿದ್ದಿರೋದು ಎರಡೇ. ಒಂದು ಅಮ್ಮನ ಹಳೇ ನೋವಿನ ಜೆಲ್. ಇನ್ನೊಂದು ನನ್ನ ಆಫೀಸ್ ಬ್ಯಾಗಿನ ತಳದಲ್ಲಿ ಅಮ್ಮನಿಗೆ ಸಿಕ್ಕಿದ, ತಾರೀಕಿಲ್ಲದ ಎರಡು ಮಾತ್ರೆಯ ತುಂಡು.