ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ: ಅಮ್ಮನ ಮಾತ್ರೆಗೋಸ್ಕರ ಹಾಕಿದ ಲೆಕ್ಕ

2023ರ ಡಿಸೆಂಬರಲ್ಲಿ ಅಮ್ಮ ಮೈಸೂರಿಂದ ಇಲ್ಲಿಗೆ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಫ್ರೀಮಾಂಟ್‌ಗೆ, ಒಬ್ರೇ ಬಂದ್ರು. ಬೆಂಗಳೂರಿಂದ ಡೈರೆಕ್ಟ್ ಫ್ಲೈಟ್. ಟಿಕೆಟ್ ನೋಡಿ ಫೋನ್ ಮಾಡಿದ್ರು, "ಮಧ್ಯಾಹ್ನ 2ಕ್ಕೆ ಹೊರಟ್ರೆ ಅದೇ ದಿನ ಸಂಜೆ 5ಕ್ಕೆ ಇಳಿಯೋದು ಅಂತಿದ್ಯಲ್ಲೋ, ಬರೀ ಮೂರು ಗಂಟೆನಾ? ಹಂಗಾದ್ರೆ ರಾತ್ರಿ ಮಾತ್ರೆ ನಿಮ್ಮನೇಲೇ ತಗೋತೀನಿ ಬಿಡು." ಅವರಿಗೆ ಶುಗರ್ ಇದೆ. ನಂಗೆ ಎದೆ ಧಸಕ್ ಅಂತು.

ಟಿಕೆಟಲ್ಲಿ ಇರೋದು ಆಯಾ ಊರಿನ ಟೈಮ್. ಚಳಿಗಾಲದಲ್ಲಿ ಇಂಡಿಯಾ ಇಲ್ಲಿಗಿಂತ ಹದಿಮೂರೂವರೆ ಗಂಟೆ ಮುಂದೆ, ಬೇಸಿಗೇಲಿ ಇಲ್ಲಿ ಗಡಿಯಾರ ಮುಂದಿಡೋದ್ರಿಂದ ಹನ್ನೆರಡೂವರೆ. ಅಂದ್ರೆ ಇಲ್ಲಿ ಸಂಜೆ 5 ಅಂದ್ರೆ ಮೈಸೂರಲ್ಲಿ ಮಾರನೇ ದಿನ ಬೆಳಗ್ಗೆ ಆರೂವರೆ, ಹದಿನಾರೂವರೆ ಗಂಟೆ ಪ್ರಯಾಣ.

ಆದ್ರೂ ಇದು ಸರೀನಾ ಅಂತ ದೂರದ ಲೆಕ್ಕ ಹಾಕಿನೂ ನೋಡಿದೆ. ಮಗಳ ಗ್ಲೋಬ್ ತಗೊಂಡು ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊಲಿಗೆ ದಾರ ಬಿಗಿಯಾಗಿ ಎಳೆದು ಹಿಡಿದೆ, ದಾರ ಪೆಸಿಫಿಕ್ ಸಾಗರದ ಮಧ್ಯೆ ಹೋಗ್ಲೇ ಇಲ್ಲ, ಟಿಬೆಟ್, ಮಂಗೋಲಿಯಾ, ಸೈಬೀರಿಯಾ ಹತ್ತಿ ಆರ್ಕ್ಟಿಕ್ ಅಂಚು ಮುಟ್ಟಿ ಅಲಾಸ್ಕಾ ಮೇಲೆ ಇಳೀತು. 30 ಸೆಂಟಿಮೀಟರ್ ಅಗಲದ ಗ್ಲೋಬಲ್ಲಿ ದಾರ 33 ಸೆಂಟಿಮೀಟರ್ ಬಂತು, ಒಂದು ಸೆಂಟಿಮೀಟರ್‌ಗೆ ಸುಮಾರು 425 ಕಿಲೋಮೀಟರ್, ಹತ್ತತ್ರ 14,000 ಆಯ್ತು. ಅಕ್ಷಾಂಶ ರೇಖಾಂಶ ಹಾಕಿ ಲೆಕ್ಕ ಮಾಡಿದ್ರೆ 13,990. ಗಂಟೆಗೆ 900ರ ಹಂಗೆ ಹದಿನೈದೂವರೆ ಗಂಟೆ. ರನ್‌ವೇಗೆ ಹೋಗೋದು, ಏರೋದು, ಇಳಿಯೋದು ಸೇರಿದ್ರೆ ಇನ್ನೊಂದಷ್ಟು, ಜೊತೆಗೆ ವಿಮಾನ ದಾರ ಹಿಡಿದಂಗೆ ಹೋಗಲ್ಲ, ಒಳಗಿನ ಗಾಳಿ ಒತ್ತಡ ಕಮ್ಮಿಯಾದ್ರೆ ಬೇಗ ಹತ್ತು ಸಾವಿರ ಅಡಿಗೆ ಇಳೀಬೇಕು, ಟಿಬೆಟ್‌ನ ನೆಲಾನೇ ಅದಕ್ಕಿಂತ ಎತ್ತರ, ಹಾಗಾಗಿ ಆ ಕಡೆ ತಪ್ಪಿಸ್ಕೊಂಡೇ ಹೋಗೋದು ಜಾಸ್ತಿ. ಪೂರ್ವಕ್ಕೆ ಹೋಗೋವಾಗ ಮೇಲಿನ ಗಾಳಿ ಹಿಂದಿಂದ ತಳ್ಳುತ್ತೆ, ವಾಪಸ್ ಪಶ್ಚಿಮಕ್ಕೆ ಹೋಗೋವಾಗ ಅದೇ ಗಾಳಿ ಎದುರಾಗಬಹುದು. ಏರ್ ಇಂಡಿಯಾ 2021ರ ಜನವರೀಲಿ ಈ ರೂಟ್ ಶುರು ಮಾಡಿದಾಗ, ಎಲ್ಲಾ ಮಹಿಳಾ ಪೈಲಟ್‌ಗಳೇ ಇದ್ದ ಫ್ಲೈಟ್ ಇಲ್ಲಿಂದ ಉತ್ತರ ಧ್ರುವದ ಮೇಲಿಂದ್ಲೇ ಬೆಂಗಳೂರಿಗೆ ಹೋಗಿತ್ತು.

ಅಂತೂ ಹದಿನಾರೂವರೆ ಗಂಟೆ ಸರೀನೇ ಅನ್ನಿಸ್ತು. ಈಗ ಮಾತ್ರೆ. ಡಾಕ್ಟ್ರಿಗೆ ಈ ಹದಿನಾರೂವರೆ ಗಂಟೆ ಹೇಳಿ, ಯಾವ ಮಾತ್ರೆ ಯಾವಾಗ ಅಂತ ಬರೆಸಿಕೊಂಡ್ವಿ. ಅವರು ಹೇಳಿದ್ದು, ವಿಮಾನದಲ್ಲಿ ಪೂರ್ತಿ ಇಂಡಿಯಾ ಟೈಮೇ ಇರಲಿ. ದಪ್ಪ ಅಕ್ಷರದ ಕನ್ನಡದಲ್ಲಿ ಒಂದು ಚೀಟಿ ಮಾಡಿದೆ, "ರಾತ್ರಿ 8 ಊಟ, ಮಾತ್ರೆ. ಬೆಳಗ್ಗೆ ಇಳಿಯೋಕೆ ಮುಂಚೆ ತಿಂಡಿ, ಮಾತ್ರೆ", ಇಮಿಗ್ರೇಷನ್ ಕ್ಯೂ ಎಷ್ಟು ಹೊತ್ತಾಗುತ್ತೋ ಗೊತ್ತಿರಲ್ವಲ್ಲ. ತಮ್ಮ ಅದನ್ನ ಪಾಸ್‌ಪೋರ್ಟ್ ಕವರೊಳಗೆ ಇಟ್ಟ. ವಾಚ್ ಮಾತ್ರ ಮುಟ್ಟಬೇಡಿ ಅಂತ ಮೂರು ಸಲ ಹೇಳಿದ್ದೆ.

ಅಮ್ಮ ಹೊರಗೆ ಬಂದಾಗ ಸಂಜೆ 7, ಕತ್ತಲಾಗಿತ್ತು. ತಬ್ಕೊಂಡೋರೇ ಕೈ ಎತ್ತಿ ವಾಚ್ ತೋರಿಸಿದ್ರು, ಎಂಟೂವರೆ. "ತಿಂಡಿ ಆಯ್ತು, ಮಾತ್ರೆನೂ ಆಯ್ತು, ಈಗ ತಿರುಗಿಸು ಇದನ್ನ" ಅಂದ್ರು.