ಗ್ಯಾದರಿಂಗ್ ಮಾಡ್ತೀರಾ? ಮೊದಲು ಅರ್ಜಿ, ಆಮೇಲೆ ಆಮಂತ್ರಣ

ಕಾಲೇಜಿನ ಗ್ಯಾದರಿಂಗ್‌ಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಆಮಂತ್ರಣ ಪತ್ರಿಕೆ ಅಚ್ಚಾಗಿರುತ್ತದೆ. ಅತಿಥಿಗಳು ಒಪ್ಪಿರುತ್ತಾರೆ. ಮೈಕ್ ಸೆಟ್‌ನವರಿಗೆ ಅಡ್ವಾನ್ಸೂ ಹೋಗಿರುತ್ತದೆ. ಆಗ ಆಫೀಸಿನಿಂದ ಯಾರೋ ಕೇಳುತ್ತಾರೆ: ‘ಪರ್ಮಿಷನ್ ಎಲ್ಲಿ?’

ಕಾರವಾರದಿಂದ ಶಿರಸಿಯವರೆಗೆ ಕಾಲೇಜುಗಳಲ್ಲಿ ಗಡಿಬಿಡಿ ಶುರುವಾಗುವುದು ಹೆಚ್ಚಾಗಿ ಇಲ್ಲಿಂದಲೇ. ಹುಡುಗರು ವರಾಂಡದಲ್ಲಿ ನಿಂತು ಪ್ರಿನ್ಸಿಪಾಲರಿಗೆ ವಿಷಯ ಹೇಳಿರುತ್ತಾರೆ. ಅವರು ‘ಆಯ್ತು, ಮಾಡಿ’ ಅಂದಿರುತ್ತಾರೆ. ಅಷ್ಟನ್ನೇ ಅನುಮತಿ ಅಂದುಕೊಂಡು ಪ್ರೆಸ್ಸಿಗೆ ಓಡುತ್ತಾರೆ. ಸಹಿ ಬಿದ್ದ ಕಾಗದ ಕೈಗೆ ಬರುವ ತನಕ ಒಂದು ಪೋಸ್ಟರನ್ನೂ ವಾಟ್ಸಾಪ್‌ಗೆ ಬಿಡಬೇಡಿ.

ದಿನ ಗೊತ್ತು ಮಾಡಿ

ಪರೀಕ್ಷೆಯ ವೇಳಾಪಟ್ಟಿ ನೋಡಿ. ಅಂತರ ಕಾಲೇಜು ಸ್ಪರ್ಧೆ ಇಟ್ಟರೆ ಎರಡು ವೇಳಾಪಟ್ಟಿ ನೋಡಬೇಕು. ಡಿಗ್ರಿ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದರೆ, ಎಂಜಿನಿಯರಿಂಗ್‌ನವರು ಬೆಳಗಾವಿಯ ವಿಟಿಯು ಲೆಕ್ಕದಲ್ಲಿ ನಡೆಯುತ್ತಾರೆ. ಶಿರಸಿಯವರು ಮಾರಿಕಾಂಬಾ ಜಾತ್ರೆಯ ವರ್ಷವೋ ಅಲ್ಲವೋ ನೋಡಿಕೊಳ್ಳಿ. ಎರಡು ವರ್ಷಕ್ಕೊಮ್ಮೆ ಬರುವ ಆ ಜಾತ್ರೆಯ ಹೊತ್ತಿಗೆ ಊರಲ್ಲಿ ಪೆಂಡಾಲೂ ಸಿಗುವುದಿಲ್ಲ, ಲಾಡ್ಜೂ ಸಿಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಯಲು ಕಾರ್ಯಕ್ರಮದ ಮಾತೇ ಬೇಡ. ಹಾಲ್‌ನಲ್ಲಿ ಮಾಡಿದರೂ ಘಟ್ಟ ಇಳಿದು ಬರುವ ಅತಿಥಿಯನ್ನು ಆ ತಿಂಗಳುಗಳಲ್ಲಿ ನಂಬಿಕೊಳ್ಳಬೇಡಿ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದಾಗ ಅಂಕೋಲಾ–ಕುಮಟಾ ಹೆದ್ದಾರಿ ಎಷ್ಟೋ ದಿನ ಬಂದ್ ಆಗಿತ್ತಲ್ವಾ?

ಅರ್ಜಿ ಬರೆಯುವುದು

ಎಲ್ಲರೂ ಎಡವುವ ಜಾಗ ಇದು. ಸಾಮಾನ್ಯವಾಗಿ ಬರುವ ಅರ್ಜಿ ಹೀಗಿರುತ್ತದೆ: ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ನಮ್ಮ ಸಂಘದಿಂದ ಕಾರ್ಯಕ್ರಮ ಹಮ್ಮಿಕೊಂಡಿದ್ದು, ದಯಮಾಡಿ ಅನುಮತಿ ನೀಡಬೇಕಾಗಿ ವಿನಂತಿ.’ ವಿನಯ ಬೇಕಾದಷ್ಟಿದೆ, ವಿಷಯ ಏನೂ ಇಲ್ಲ. ಇಂಥ ಕಾಗದ ಮೇಜಿನ ಮೇಲೆ ಹಾಗೇ ಕೂತಿರುತ್ತದೆ. ಸಹಿ ಹಾಕುವವರಿಗೆ ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ ಅಂತಲೇ ಗೊತ್ತಾಗುವುದಿಲ್ಲ.

ಒಂದೇ ಪುಟ ಸಾಕು. ಆದರೆ ಅದರಲ್ಲಿ ಇಷ್ಟಂತೂ ಇರಲೇಬೇಕು. ನಡೆಸುವವರು ಯಾರು: ಯೂನಿಯನ್ನೋ, ಜಿಮಖಾನಾವೋ, ಎನ್‌ಎಸ್‌ಎಸ್ಸೋ, ವಿಭಾಗವೋ. ಜವಾಬ್ದಾರಿ ಹೊರುವ ಪ್ರಾಧ್ಯಾಪಕರ ಹೆಸರು, ಸಹಿ. ಜಾಗ ಯಾವುದು. ಶುರು ಎಷ್ಟಕ್ಕೆ, ಮುಗಿಯುವುದು ಎಷ್ಟಕ್ಕೆ. ಶುರುವಾಗುವ ಹೊತ್ತನ್ನು ಎಲ್ಲರೂ ಬರೆಯುತ್ತಾರೆ, ಮುಗಿಯುವ ಹೊತ್ತನ್ನು ಯಾರೂ ಬರೆಯುವುದಿಲ್ಲ. ಪೆಂಡಾಲ್ ಕಟ್ಟುವುದಕ್ಕೆ ಹಿಂದಿನ ದಿನ, ಬಿಚ್ಚುವುದಕ್ಕೆ ಮರುದಿನ ಮೈದಾನ ಬೇಕು ಅಂತಲೂ ಸೇರಿಸಿ. ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ಕ್ರಿಕೆಟ್ ಟೀಮಿನವರ ಜೊತೆ ಜಗಳ ಖಾತ್ರಿ.

ಆಮೇಲೆ ಜನ. ‘ಅಂದಾಜು 300’ ಅಂತ ಬರೆದು 1,000 ಪಾಸ್ ಹಂಚುವವರಿದ್ದಾರೆ. ನಿಜ ಸಂಖ್ಯೆ ಬರೆಯಿರಿ. ಹೊರಗಿನವರಿಗೆ ಪ್ರವೇಶ ಇದೆಯೋ ಇಲ್ಲವೋ ಅದನ್ನೂ ಸ್ಪಷ್ಟವಾಗಿ ಬರೆಯಿರಿ. ಮೈಕ್ ಇದ್ದರೆ ಇದೆ ಅನ್ನಿ. ಜನರೇಟರ್, ಊಟ, ಟಿಕೆಟ್, ಅಂಗಡಿಯವರ ಪ್ರಾಯೋಜಕತ್ವ ಯಾವುದನ್ನೂ ಮುಚ್ಚಿಡಬೇಡಿ. ಅತಿಥಿಗಳ ಹೆಸರು ಬೇಕೇ ಬೇಕು. ಚುನಾವಣಾ ನೀತಿ ಸಂಹಿತೆ ಇರುವಾಗ ರಾಜಕಾರಣಿಯ ಹೆಸರು ಬರೆದರೆ ಅರ್ಜಿ ಅಲ್ಲೇ ನಿಂತಿತು ಅಂತ ತಿಳಿಯಿರಿ.

ಎರಡು ಪ್ರತಿ ಮಾಡಿ. ಒಂದನ್ನು ಆಫೀಸಿಗೆ ಕೊಡಿ, ಇನ್ನೊಂದರ ಮೇಲೆ ಆವಕ (ಆಫೀಸಿಗೆ ಬಂದ ಕಾಗದಗಳ ದಾಖಲೆ) ನಂಬರ್, ದಿನಾಂಕ, ಸೀಲು ಹಾಕಿಸಿಕೊಳ್ಳಿ. ‘ಸರ್ ಟೇಬಲ್ ಮೇಲೆ ಇಟ್ಟು ಬಂದಿದೀವಿ’ ಅನ್ನುವುದಕ್ಕೆ ಬೆಲೆ ಇಲ್ಲ. ಕಾಗದ ಮುಂದೆ ಎಲ್ಲಿಗೆ ಹೋಗುತ್ತದೆ ಅಂತ ಗುಮಾಸ್ತರನ್ನೇ ಕೇಳಿ. ಖಾಸಗಿ ಕಾಲೇಜಾದರೆ ಆಡಳಿತ ಮಂಡಳಿಯವರೆಗೆ ಹೋಗಬಹುದು. ವಿಶ್ವವಿದ್ಯಾಲಯದ್ದೇ ಸ್ನಾತಕೋತ್ತರ ಕೇಂದ್ರವಾದರೆ ಧಾರವಾಡದವರೆಗೂ ಹೋಗಬಹುದು. ಹಾಗಾಗಿ ಕನಿಷ್ಠ ಮೂರು ವಾರ ಮೊದಲೇ ಕೊಡಿ. ಕೊಟ್ಟ ಮೇಲೆ ಸುಮ್ನೆ ಕೂರಬೇಡಿ, ಎರಡು ದಿನಕ್ಕೊಮ್ಮೆ ಹೋಗಿ ಕೇಳಿ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ ಕೊಚ್ಚಿಯ ಕುಸಾಟ್ ವಿಶ್ವವಿದ್ಯಾಲಯದಲ್ಲಿ ಆದದ್ದನ್ನು ನೆನಪಿಸಿಕೊಳ್ಳಿ. 2023ರ ನವೆಂಬರ್ 25ರಂದು ಅಲ್ಲಿನ ಟೆಕ್ ಫೆಸ್ಟ್‌ನಲ್ಲಿ ಸಂಗೀತ ಕಾರ್ಯಕ್ರಮ ಇತ್ತು. ಮಳೆ ಬಂತು. ಹೊರಗಿದ್ದವರು ಬಯಲು ರಂಗಮಂದಿರದ ಗೇಟಿನತ್ತ ನುಗ್ಗಿದರು. ಗೇಟಿನಾಚೆ ಕಡಿದಾದ ಮೆಟ್ಟಿಲು. ನಾಲ್ವರು ಸತ್ತರು. ಪೊಲೀಸ್ ಭದ್ರತೆ ಬೇಕೆಂದು ಪ್ರಿನ್ಸಿಪಾಲರು ರಿಜಿಸ್ಟ್ರಾರ್‌ಗೆ ಬರೆದಿದ್ದ ಪತ್ರ ಠಾಣೆಗೆ ಮುಟ್ಟಿರಲೇ ಇಲ್ಲ ಎಂದು ಆಮೇಲೆ ಪತ್ರಿಕೆಗಳಲ್ಲಿ ಬಂತು. ಆದ್ದರಿಂದ ಠಾಣೆಗೆ ಹೋಗುವ ಪತ್ರವನ್ನು ಕಚೇರಿಯವರು ಕಳಿಸುತ್ತಾರೆ ಅಂತ ಬಿಡಬೇಡಿ. ಪ್ರಿನ್ಸಿಪಾಲರ ಸಹಿ, ಸೀಲು ಹಾಕಿಸಿ ನೀವೇ ಒಯ್ದು ಕೊಟ್ಟು ಸ್ವೀಕೃತಿ ತನ್ನಿ.

ಜಾಗಕ್ಕೆ ಎರಡು ಬಾಗಿಲಾದರೂ ತೆರೆದಿರಲಿ. ಟಿಕೆಟ್ ಇಲ್ಲದವರು ನುಗ್ಗುತ್ತಾರೆ ಅಂತ ಹಿಂದಿನ ಬಾಗಿಲಿಗೆ ಬೀಗ ಹಾಕುವ ಅಭ್ಯಾಸ ನಮ್ಮಲ್ಲಿ ಜಾಸ್ತಿ. ಬೀಗ ಬೇಡ, ಇಬ್ಬರು ಎನ್‌ಸಿಸಿ ಹುಡುಗರನ್ನು ನಿಲ್ಲಿಸಿ.

ಮೈಕು

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಬಯಲಲ್ಲಿ ಹಾಕುವಂತಿಲ್ಲ. ಮುಚ್ಚಿದ ಸಭಾಂಗಣಕ್ಕೆ ವಿನಾಯಿತಿ ಇದೆ. ಆದರೆ ತಗಡಿನ ಚಾವಣಿ ಹೊದಿಸಿ ಮೂರು ಕಡೆ ಜಾಲರಿ ಬಿಟ್ಟ ಹಾಲ್ ಅನ್ನು ಮುಚ್ಚಿದ ಸಭಾಂಗಣ ಅಂತ ಪೊಲೀಸರ ಮುಂದೆ ವಾದಿಸಬೇಡಿ. ಹಬ್ಬ, ಉತ್ಸವಗಳಿಗೆ ರಾತ್ರಿ ಹನ್ನೆರಡರವರೆಗೆ ಸಡಿಲಿಕೆ ಕೊಡಲು ಅವಕಾಶ ಇದೆ, ವರ್ಷಕ್ಕೆ 15 ದಿನ ಮೀರದಂತೆ. ಆ ದಿನಗಳನ್ನು ಗೊತ್ತು ಮಾಡುವುದು ಸರ್ಕಾರ, ನಿಮ್ಮ ಯೂನಿಯನ್ ಅಲ್ಲ. ಆಸ್ಪತ್ರೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಘೋಷಣೆಯಾಗಿದ್ದರೆ ಹಗಲಿನ ಮಿತಿಯೂ 50 ಡೆಸಿಬಲ್. ಮಾತಾಡಿದರೇ ಅದು ಮೀರುತ್ತದೆ.

ಯಕ್ಷಗಾನ ಇಟ್ಟರೆ ಕಾಲಮಿತಿ ಪ್ರಸಂಗವನ್ನೇ ಇಡಿ. ಸಂಜೆ ಆರಕ್ಕೆ ಶುರು, ಒಂಬತ್ತೂವರೆಗೆ ಮಂಗಳ ಅಂತ ಭಾಗವತರಿಗೆ ಮೊದಲೇ ಹೇಳಿ. ಕುಣಿತ ರಂಗೇರಿದ ಮೇಲೆ ಯಾರ ಚೀಟಿಯನ್ನೂ ಅವರು ನೋಡುವುದಿಲ್ಲ. ಸಾಮಾನ್ಯ ಮನರಂಜನೆಯಾದರೆ ಹತ್ತು ಗಂಟೆಯ ಲೆಕ್ಕವೂ ಬೇಡ, ವಸತಿ ಬಸ್ಸಿನ ಲೆಕ್ಕ ಹಿಡಿಯಿರಿ. ಹಳ್ಳಿಯಿಂದ ಬರುವ ಹುಡುಗಿಯರು ಕೊನೆಯ ಬಸ್ ತಪ್ಪಿಸಿಕೊಂಡರೆ ಆ ರಾತ್ರಿ ಪಾಲಕರ ಫೋನ್ ಬರುವುದು ಪ್ರಿನ್ಸಿಪಾಲರಿಗೆ. ಮುಂದಿನ ವರ್ಷ ಅನುಮತಿ ಸಿಗುವುದಿಲ್ಲ.

ಡಿಜೆ ನನಗೆ ಇಷ್ಟವಿಲ್ಲ, ನೇರವಾಗಿಯೇ ಹೇಳುತ್ತೇನೆ. ಗದ್ದಲ ಒಂದು ಕಡೆ ಇರಲಿ, ಹಾಡಿನ ಹಕ್ಕುಸ್ವಾಮ್ಯದ ತೊಡಕೂ ಇದೆ. ಕಾಲೇಜಿನದೇ ಕಾರ್ಯಕ್ರಮದಲ್ಲಿ ವಿದ್ಯಾರ್ಥಿಗಳು, ಸಿಬ್ಬಂದಿ ತಮ್ಮವರ ಮುಂದೆ, ಪಾಲಕರ ಮುಂದೆ ಹಾಡಿದರೆ, ನಾಟಕ ಆಡಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ರಕ್ಷಣೆ ಕೊಡುತ್ತದೆ. ಟಿಕೆಟ್ ಹರಿದು ಊರವರನ್ನೆಲ್ಲ ಸೇರಿಸಿ ರೆಕಾರ್ಡ್ ಹಾಕುವುದಾದರೆ ಮೊದಲು ಪರವಾನಗಿ ಪಡೆಯಿರಿ.

ಉಳಿದ ತಯಾರಿ

ಫ್ಲೆಕ್ಸ್ ಬೇಡ. ರಾಜ್ಯದಲ್ಲಿ 2016ರಿಂದಲೇ ನಿಷೇಧ. ‘ಇದು ಇಕೋ ಫ್ಲೆಕ್ಸ್ ಸರ್’ ಅಂತ ಅಂಗಡಿಯವರು ಹೇಳಿದರೆ ಮುಟ್ಟಿ ನೋಡಿ, ಹೆಚ್ಚಿನ ಸಲ ಅದೇ ಹಳೇ ಪ್ಲಾಸ್ಟಿಕ್ಕು. ಬಟ್ಟೆಯ ಬ್ಯಾನರ್ ಬರೆಸಿ, ಇಸವಿ ಮಾತ್ರ ಬೇರೆ ತುಂಡಿನಲ್ಲಿರಲಿ. ಮುಂದಿನ ವರ್ಷಕ್ಕೂ ಆಗುತ್ತದೆ. ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ತನ್ನಿ, ಆದರೆ ಅಗ್ಗದ ತೆಳು ತಟ್ಟೆ ತಂದರೆ ಸಾರು ಸೋರಿ ಅಂಗಿಗೆ ಇಳಿಯುತ್ತದೆ. ಒಂದು ತಟ್ಟೆಗೆ ಸಾರು ಹಾಕಿ ನೋಡಿಯೇ ಆರ್ಡರ್ ಕೊಡಿ.

ಡ್ರೋನ್ ಹಾರಿಸುವ ಯೋಚನೆ ಕಾರವಾರದವರು ಬಿಡುವುದೇ ಒಳ್ಳೆಯದು. ಪಕ್ಕದಲ್ಲೇ ನೌಕಾನೆಲೆ, ಅತ್ತ ಕೈಗಾ ಅಣುಸ್ಥಾವರ. ನೆನಪಿನ ಕಾಣಿಕೆಗೆ ಚಿನ್ನದ ಬಣ್ಣದ ಫೈಬರ್ ಫಲಕ ಕೊಡಬೇಡಿ. ಅತಿಥಿ ಮನೆ ಮುಟ್ಟುವ ಮೊದಲೇ ಬಣ್ಣ ಏಳುತ್ತದೆ. ಒಂದು ಬಾಟಲಿ ಜೋನಿಬೆಲ್ಲ (ದ್ರವ ಬೆಲ್ಲ) ಕೊಡಿ, ಹೆಸರು ಹಿಡಿದು ನೆನೆಯುತ್ತಾರೆ.

ಲೆಕ್ಕ

ಬಿಲ್‌ಗಳನ್ನು ಆ ದಿನವೇ ಇಸಿದುಕೊಳ್ಳಿ. ಪೆಂಡಾಲ್‌ನವರು ‘ನಾಳೆ ಕೊಡ್ತೆ’ ಅಂದರೆ ಆ ನಾಳೆ ಬರುವುದಿಲ್ಲ. ಬಿಲ್ ಕಾಲೇಜಿನ ಹೆಸರಿಗಿರಲಿ, ಕಾರ್ಯದರ್ಶಿಯ ಹೆಸರಿಗೆ ಬೇಡ. ಮೈದಾನದಲ್ಲಿ ಗೂಟ ಹೊಡೆದ ಗುಂಡಿಗಳನ್ನು ಮುಚ್ಚಿಸಿ, ಹಾಲ್‌ನ ಕುರ್ಚಿ ಎಣಿಸಿ, ಕೀಲಿ ಕೊಟ್ಟು ಸಹಿ ಪಡೆಯಿರಿ. ಠೇವಣಿ ಇಟ್ಟಿದ್ದರೆ ಅದನ್ನು ವಾಪಸ್ ಕೇಳುವ ಅರ್ಜಿಯನ್ನೂ ಅದೇ ವಾರ ಆವಕಕ್ಕೆ ಹಾಕಿ.